ಒಂದೇ ಹಾಪ್‌ನ ಬಿಯರ್: ಕಹಿಗೊಂದು ಲೆಕ್ಕ, ಘಮಕ್ಕೊಂದು ಲೆಕ್ಕ

ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಕೊಳ್ಳಲು ಬಂದ ವ್ಯಾಪಾರಿ ‘ಇದು ಒಳ್ಳೆಯ ಕಾಯಿಯೇ?’ ಎಂದು ಕೇಳುವುದಿಲ್ಲ. ಬಣ್ಣ ಎಷ್ಟು, ಖಾರ ಎಷ್ಟು ಎಂದು ಎರಡನ್ನೂ ಬೇರೆ ಬೇರೆಯಾಗಿ ತೂಗುತ್ತಾನೆ. ಬ್ಯಾಡಗಿ ಡಬ್ಬಿಯಲ್ಲಿ ಬಣ್ಣ ಗಾಢ, ಖಾರ ಸೌಮ್ಯ. ಗುಂಟೂರಿನ ಕಾಯಿಯಲ್ಲಿ ಖಾರವೇ ಮುಂದೆ. ಮಸಾಲೆ ತಯಾರಿಸುವವರು ಎರಡನ್ನೂ ಬೆರೆಸಿ ತಮಗೆ ಬೇಕಾದ ಹದಕ್ಕೆ ತರುತ್ತಾರೆ. ಆದರೆ ಒಂದೇ ತಳಿಯಲ್ಲಿ ಅಡುಗೆ ಮುಗಿಸಬೇಕೆಂದು ಯಾರಾದರೂ ಹಟ ಹಿಡಿದರೆ ಆಯ್ಕೆಯ ರೀತಿಯೇ ಬದಲಾಗುತ್ತದೆ. ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಥೆಯೂ ಇದೇ. ಅಲ್ಲಿ ಖಾರದ ಜಾಗದಲ್ಲಿ ಕಹಿ, ಬಣ್ಣದ ಜಾಗದಲ್ಲಿ ಪರಿಮಳ.

ಹುಬ್ಬಳ್ಳಿ–ಧಾರವಾಡದ ಮನೆಗಳಿಗೆ ಇಂಥ ಪ್ರಶ್ನೆಗಳು ಈಗ ಹೊರದೇಶದ ಫೋನಿನ ಮೂಲಕ ಬರುತ್ತವೆ. ನನ್ನ ಅಕ್ಕನ ಮಗ ಸಿಯಾಟಲ್‌ನಲ್ಲಿದ್ದಾನೆ. ನೆರೆಯವರು ಗ್ಯಾರೇಜಿನಲ್ಲಿ ದೊಡ್ಡ ಪಾತ್ರೆಯಿಟ್ಟು ಬಿಯರ್ ಕಾಯಿಸುವುದನ್ನು ನೋಡಿ ಅವನಿಗೂ ಆಸೆ ಹುಟ್ಟಿದೆ. ‘ಮಾಮಾ, ಒಂದೇ ಜಾತಿಯ ಹಾಪ್ ಹಾಕಿ ಮಾಡೋಣ ಎಂದುಕೊಂಡಿದ್ದೇನೆ. ಅಂಗಡಿಯಲ್ಲಿ ಹೆಸರುಗಳು ರಾಶಿ ಇವೆ. ಯಾವುದನ್ನು ಕೊಳ್ಳಲಿ?’ ಎಂದು ಕೇಳಿದ. ರಸಾಯನಶಾಸ್ತ್ರದ ಮಾಸ್ತರಿಕೆ ಮಾಡಿದವನಿಗೆ ಬಾಟಲಿಗಿಂತ ಅದರೊಳಗಿನ ಅಣುಗಳ ಮೇಲೆ ಪ್ರೀತಿ ಹೆಚ್ಚು. ಹಾಗಾಗಿ ಉತ್ತರ ಉದ್ದವಾಯಿತು.

ಮೊದಲು ಕಾನೂನಿನ ಮಾತು. ಅಮೆರಿಕದಲ್ಲಿ ಮನೆಬಳಕೆಗೆ ಬಿಯರ್ ತಯಾರಿಸುವುದನ್ನು ಒಕ್ಕೂಟದ ಮಟ್ಟದಲ್ಲಿ ಸಕ್ರಮಗೊಳಿಸುವ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರಲ್ಲಿ. ನಮ್ಮಲ್ಲಿ ಹಾಗಿಲ್ಲ. ಕರ್ನಾಟಕದ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ವಿದ್ಯಾನಗರದ ಮನೆಯ ಹಿತ್ತಲಲ್ಲಿ ಮಾಡಿದರೂ ಅಪರಾಧವೇ. ಆದ್ದರಿಂದ ಕಾಯಿಸುವ, ಹುದುಗಿಸುವ ಮಾತುಗಳೆಲ್ಲ ಅನುಮತಿ ಇರುವ ನಾಡಿನಲ್ಲಿರುವವರಿಗೆ. ಇಲ್ಲಿ ಕುಳಿತವರು ಮಾಡಬಹುದಾದ, ಮದ್ಯದ ಸೋಂಕಿಲ್ಲದ ಒಂದು ಪರೀಕ್ಷೆಯೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಒಂದು ಹೂವು, ಎರಡು ಸರಕು

ಹಾಪ್ ಒಂದು ಬಳ್ಳಿ. ಸಸ್ಯಶಾಸ್ತ್ರದಲ್ಲಿ ಹ್ಯೂಮುಲಸ್ ಲುಪ್ಯುಲಸ್. ಗಾಂಜಾ ಗಿಡದ ಕುಟುಂಬಕ್ಕೆ ಸೇರಿದ್ದು, ಆದರೆ ಗಾಂಜಾದ ಅಮಲು ಇದರಲ್ಲಿಲ್ಲ. ಬಿಯರಿಗೆ ಬೇಕಾದದ್ದು ಹೆಣ್ಣು ಬಳ್ಳಿಯ ಹೂಗೊಂಚಲು. ಹಸಿರು ಪಕಳೆಗಳನ್ನು ಬಿಡಿಸಿದರೆ ಬುಡದಲ್ಲಿ ಅರಿಸಿನದ ಬಣ್ಣದ ಜಿಗುಟಾದ ಪುಡಿ ಕಾಣುತ್ತದೆ. ಅದರ ಹೆಸರು ಲುಪ್ಯುಲಿನ್. ಹಣ ಕೊಡುವುದು ಈ ಪುಡಿಗಾಗಿ, ಉಳಿದದ್ದೆಲ್ಲ ಸೊಪ್ಪು.

ಈ ಬಳ್ಳಿ ನಮ್ಮ ಕಡೆ ಏಕೆ ಬೆಳೆಯುವುದಿಲ್ಲ ಎಂಬುದಕ್ಕೆ ಉತ್ತರ ಹಗಲಿನ ಉದ್ದದಲ್ಲಿದೆ. ಹಾಪ್ ಸಾಮಾನ್ಯವಾಗಿ 35ರಿಂದ 55 ಡಿಗ್ರಿ ಅಕ್ಷಾಂಶಗಳ ನಡುವಿನ ಬೆಳೆ. ಬೇಸಿಗೆಯಲ್ಲಿ ದೀರ್ಘ ಹಗಲು, ಚಳಿಗಾಲದಲ್ಲಿ ನಿಜವಾದ ಚಳಿ, ಎರಡೂ ಬೇಕು. ಧಾರವಾಡ ಇರುವುದು 15 ಡಿಗ್ರಿಯ ಆಸುಪಾಸಿನಲ್ಲಿ. ಜೂನ್ ತಿಂಗಳಲ್ಲಿಯೂ ನಮ್ಮ ಹಗಲು 13 ಗಂಟೆಯ ಹತ್ತಿರಕ್ಕೆ ನಿಲ್ಲುತ್ತದೆ. ಭಾರತದಲ್ಲಿ ಹಾಪ್ ಬೆಳೆದದ್ದು ಹಿಮಾಚಲದ ಲಾಹೌಲ್ ಕಣಿವೆ, ಕಾಶ್ಮೀರಗಳಂಥ ಜಾಗಗಳಲ್ಲಿ. ಜಗತ್ತಿನ ದೊಡ್ಡ ತೋಟಗಳಿರುವುದು ಜರ್ಮನಿಯ ಹಾಲರ್‌ಟಾವ್ ಮತ್ತು ಅಮೆರಿಕದ ಯಾಕಿಮಾ ಕಣಿವೆಯಲ್ಲಿ. ನಮ್ಮ ಅಳಿಯನ ಅದೃಷ್ಟ, ಯಾಕಿಮಾ ಅವನ ಮನೆಯಿಂದ ಕಾರಿನಲ್ಲಿ ಕೆಲವೇ ಗಂಟೆಗಳ ದಾರಿ.

ಲುಪ್ಯುಲಿನ್‌ನಲ್ಲಿ ನಮಗೆ ಬೇಕಾದ ಸರಕು ಎರಡು. ಒಂದು ಆಲ್ಫಾ ಆಮ್ಲಗಳು, ಎಂದರೆ ಹ್ಯೂಮುಲೋನ್ ಮತ್ತು ಅದರ ಬಂಧುಗಳು. ಇನ್ನೊಂದು ಸುಗಂಧ ತೈಲಗಳು: ಮಿರ್ಸೀನ್, ಹ್ಯೂಮುಲೀನ್, ಲಿನಲೂಲ್, ಜೆರಾನಿಯಾಲ್ ಮುಂತಾದವು. ಈ ಎರಡರ ಸ್ವಭಾವ ಒಂದಕ್ಕೊಂದು ವಿರುದ್ಧ, ಒಂದೇ ಹಾಪ್‌ನ ಬಿಯರಿನ ತೊಡಕೆಲ್ಲ ಹುಟ್ಟುವುದು ಇಲ್ಲಿಯೇ.

ಆಲ್ಫಾ ಆಮ್ಲ ಇದ್ದ ಹಾಗೆಯೇ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಮಾಲ್ಟಿನಿಂದ, ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ, ಇಳಿಸಿದ ಸಿಹಿ ದ್ರವದಲ್ಲಿ (ಬಿಯರ್ ಮಾಡುವವರು ಇದಕ್ಕೆ ವರ್ಟ್ ಎನ್ನುತ್ತಾರೆ) ಕುದಿಸಿದಾಗ ಅದರ ಅಣುವಿನ ರಚನೆ ಬದಲಾಗಿ ಐಸೋ ಆಲ್ಫಾ ಆಮ್ಲವಾಗುತ್ತದೆ. ಇದು ಕರಗುತ್ತದೆ, ನಾಲಿಗೆಗೆ ಚೆನ್ನಾಗಿ ಕಹಿಯಾಗುತ್ತದೆ. ಈ ಬದಲಾವಣೆಗೆ ಸಮಯ ಬೇಕು, ಒಂದು ಗಂಟೆ ಕುದಿಸುವುದು ವಾಡಿಕೆ. ತೈಲಗಳಿಗೆ ಆ ಒಂದು ಗಂಟೆಯೇ ಮೃತ್ಯು. ಮಿರ್ಸೀನ್‌ನಂಥವು ಹಬೆಯೊಂದಿಗೆ ಹಾರಿಹೋಗುತ್ತವೆ. ಅಡುಗೆಮನೆಯೆಲ್ಲ ಘಮಘಮಿಸಿದರೆ ಆ ಘಮ ಬಿಯರಿನಲ್ಲಿ ಉಳಿದಿಲ್ಲ ಎಂದೇ ಅರ್ಥ.

ಹೆಚ್ಚು ಕುದಿಸಿದರೆ ಕಹಿ ಬರುತ್ತದೆ, ಪರಿಮಳ ಹೋಗುತ್ತದೆ. ಕೊನೆಯಲ್ಲಿ ಹಾಕಿದರೆ ಪರಿಮಳ ಉಳಿಯುತ್ತದೆ, ಕಹಿ ಹೆಚ್ಚು ಬರುವುದಿಲ್ಲ. ಸಾಮಾನ್ಯ ಬಿಯರಿನಲ್ಲಿ ಇದಕ್ಕೆ ಸುಲಭದ ಪರಿಹಾರವಿದೆ. ಕಹಿಗೆಂದೇ ಒಂದು ಹಾಪ್, ಉದಾಹರಣೆಗೆ ಜರ್ಮನಿಯ ಮ್ಯಾಗ್ನಮ್. ಪರಿಮಳಕ್ಕೆ ಬೇರೆ ಎರಡು ಮೂರು. ಒಂದೇ ಹಾಪ್‌ನ ಬಿಯರಿನಲ್ಲಿ ಈ ಸೌಕರ್ಯವಿಲ್ಲ. ಅದೇ ಹೂವನ್ನು ಕುದಿಯ ಆರಂಭದಲ್ಲಿ ಸ್ವಲ್ಪ, ಕೊನೆಯಲ್ಲಿ ಸ್ವಲ್ಪ, ಹುದುಗಿದ ಮೇಲೆ ತಣ್ಣಗೆ ಸ್ವಲ್ಪ ಎಂದು ಹಂಚಿ ಹಾಕಬೇಕು. ಹೀಗಾಗಿ ಕೇಳಬೇಕಾದ ಪ್ರಶ್ನೆ ‘ಯಾವ ಹಾಪ್‌ನ ವಾಸನೆ ಚೆನ್ನಾಗಿದೆ?’ ಎಂಬುದಲ್ಲ. ‘ಯಾವ ಹಾಪ್ ಈ ಎರಡೂ ಕೆಲಸಗಳನ್ನು ಒಬ್ಬಂಟಿಯಾಗಿ ಮಾಡಬಲ್ಲದು?’ ಎಂಬುದು.

ಪೊಟ್ಟಣದ ಮೇಲಿನ ಒಂದು ಅಂಕಿ

ಹಾಪ್ ಪೊಟ್ಟಣದ ಮೇಲೆ ಆಲ್ಫಾ ಆಮ್ಲದ ಶೇಕಡಾವಾರು ಅಚ್ಚಾಗಿರುತ್ತದೆ. ಹೊಸಬರು ಚಿತ್ರದಲ್ಲಿರುವ ಮಾವು, ಕಿತ್ತಳೆಗಳನ್ನು ನೋಡುತ್ತಾರೆ. ನೋಡಬೇಕಾದದ್ದು ಈ ಅಂಕಿ.

ಬಿಯರಿನ ಕಹಿಯನ್ನು ಐಬಿಯು ಎಂಬ ಮಾನದಲ್ಲಿ ಅಳೆಯುತ್ತಾರೆ. ಲೆಕ್ಕಕ್ಕೆ ಕುಳಿತಾಗ ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂ ಐಸೋ ಆಲ್ಫಾ ಆಮ್ಲವಿದ್ದರೆ ಒಂದು ಐಬಿಯು ಎಂದು ಹಿಡಿಯಬಹುದು. ಹಾಕಿದ ಆಲ್ಫಾ ಆಮ್ಲವೆಲ್ಲ ಕಹಿಯಾಗುವುದಿಲ್ಲ. ಮನೆಯಲ್ಲಿ ಬಿಯರ್ ಮಾಡುವವರು ಹೆಚ್ಚಾಗಿ ಬಳಸುವ ಟಿನ್‌ಸೆತ್ ಸೂತ್ರದ ಪ್ರಕಾರ, ಸಾಧಾರಣ ಸಾಂದ್ರತೆಯ ವರ್ಟ್‌ನಲ್ಲಿ (ನೀರನ್ನು 1 ಎಂದು ಹಿಡಿದರೆ 1.050) 60 ನಿಮಿಷ ಕುದಿಸಿದರೆ ಸುಮಾರು ಶೇ 23, ಹದಿನೈದು ನಿಮಿಷಕ್ಕೆ ಶೇ 11.5, ಐದು ನಿಮಿಷಕ್ಕೆ ಶೇ 4.6ರಷ್ಟು ದಕ್ಕುತ್ತದೆ. ಇದು ಅಂದಾಜು, ತಾಮ್ರಶಾಸನವಲ್ಲ. ಆದರೆ ತಳಿಗಳನ್ನು ಹೋಲಿಸಲು ಇಷ್ಟು ಸಾಕು.

20 ಲೀಟರ್ ಬಿಯರ್ ಎಂದಿಟ್ಟುಕೊಳ್ಳಿ. ಶೇ 5.5 ಆಲ್ಫಾ ಇರುವ ಕ್ಯಾಸ್ಕೇಡ್ ಹಾಪ್ 20 ಗ್ರಾಂ ತೆಗೆದುಕೊಂಡರೆ ಅದರಲ್ಲಿ 1,100 ಮಿಲಿಗ್ರಾಂ ಆಲ್ಫಾ ಆಮ್ಲವಿದೆ, ಲೀಟರಿಗೆ 55. ಅದರಲ್ಲಿ ಶೇ 23 ಎಂದರೆ ಹತ್ತಿರ ಹತ್ತಿರ 13 ಐಬಿಯು. ಅದೇ 20 ಗ್ರಾಂ, ಅದೇ ಒಂದು ಗಂಟೆ, ಆದರೆ ಶೇ 12 ಆಲ್ಫಾ ಇರುವ ಸಿಟ್ರಾ ಹಾಕಿದರೆ 28 ಐಬಿಯು. ಗ್ರಾಂ ಒಂದೇ, ಕಹಿ ಎರಡು ಪಟ್ಟಿಗೂ ಹೆಚ್ಚು. ಒಬ್ಬರ ಪಾಕವಿಧಾನದಲ್ಲಿ ಕ್ಯಾಸ್ಕೇಡ್ ತೆಗೆದು ಅಷ್ಟೇ ತೂಕದ ಸಿಟ್ರಾ ಹಾಕಿ ‘ಸಿಟ್ರಾ ಬಹಳ ಕಹಿ’ ಎಂದು ತೀರ್ಪು ಕೊಡುವವರನ್ನು ಕಂಡರೆ ನನಗೆ ಪರೀಕ್ಷೆಯ ಉತ್ತರ ಪತ್ರಿಕೆಗಳ ನೆನಪಾಗುತ್ತದೆ. ಮೂಲಮಾನವನ್ನು ಗಮನಿಸದೆ ಬರೆದ ಉತ್ತರ ಅದು.

ಈಗ ಇನ್ನೊಂದು ತುದಿ. ಚೆಕ್ ನಾಡಿನ ಝಾಟೆಟ್ಸ್ ಊರಿನ ಸಾಝ್ ಹಾಪ್‌ನಲ್ಲಿ ಆಲ್ಫಾ ಶೇ 3ರಿಂದ 4. ಗುರಿ 35 ಐಬಿಯು ಇಟ್ಟುಕೊಂಡು ಪೂರ್ತಿ ಕಹಿಯನ್ನು ಒಂದು ಗಂಟೆಯ ಕುದಿಯಿಂದಲೇ ತೆಗೆಯುವುದಾದರೆ ಶೇ 3.5ರ ಸಾಝ್ 87 ಗ್ರಾಂ ಬೇಕು. ಇದು ಕಹಿಗೆ ಮಾತ್ರ, ಪರಿಮಳಕ್ಕೆ ಮತ್ತೆ ಬೇರೆ. ಇಷ್ಟು ಸೊಪ್ಪು ಪಾತ್ರೆಯೊಳಗೆ ಹೋದಾಗ ಹುಲ್ಲಿನ ಒಗರು ಬರುವ ಸಂಭವವಿದೆ, ಸೊಪ್ಪು ಹೀರಿಕೊಂಡ ವರ್ಟ್ ಕೂಡ ನಷ್ಟ. ಸಾಝ್‌ನಿಂದ ಒಳ್ಳೆಯ ಬಿಯರ್ ಬರುವುದಿಲ್ಲ ಎಂದಲ್ಲ. 1842ರಲ್ಲಿ ಪಿಲ್ಸೆನ್ ನಗರದಲ್ಲಿ ಹುಟ್ಟಿದ ತಿಳಿ ಬಂಗಾರ ಬಣ್ಣದ ಲಾಗರ್ ನಿಂತಿರುವುದೇ ಈ ಹೂವಿನ ಮೇಲೆ. ಆದರೆ ಲಾಗರ್‌ಗೆ ಹತ್ತು–ಹನ್ನೆರಡು ಡಿಗ್ರಿ ತಂಪಿನಲ್ಲಿ ಹುದುಗಿಸುವ ವ್ಯವಸ್ಥೆ, ವಾರಗಟ್ಟಲೆ ಕಾಯುವ ತಾಳ್ಮೆ ಬೇಕು. ಮೊದಲ ಪಾತ್ರೆಗೆ ಇದು ಬೇಡ ಎಂದೇ ನನ್ನ ಸಲಹೆ.

ಕೋಹ್ಯೂಮುಲೋನ್ ಎಂಬ ಇನ್ನೊಂದು ಅಂಕಿಯನ್ನೂ ಕೆಲವರು ಹೇಳುತ್ತಾರೆ. ಆಲ್ಫಾ ಆಮ್ಲದಲ್ಲಿ ಅದರ ಪಾಲು ಹೆಚ್ಚಿದ್ದರೆ ಕಹಿ ಒರಟು ಎಂಬುದು ಹಳೆಯ ನಂಬಿಕೆ. ಈಗ ಅದರ ಬಗ್ಗೆ ತಕರಾರುಗಳಿವೆ. ಆಯ್ಕೆ ಮಾಡುವಾಗ ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಹಾಗಾದರೆ ಯಾವುದು?

ಲೆಕ್ಕ ನೋಡಿದವರಿಗೆ ಉತ್ತರದ ದಿಕ್ಕು ತಿಳಿದಿರಬೇಕು. ಒಂದೇ ಹಾಪ್‌ಗೆ ಅತಿ ಸುಲಭವಾದವು ಆಲ್ಫಾ ಶೇ 5ರಿಂದ 10ರ ನಡುವಿನವು, ಪರಿಮಳಕ್ಕೂ ಹೆಸರಾದವು. ನಾನು ಅಳಿಯನಿಗೆ ಹೇಳಿದ್ದು ಕ್ಯಾಸ್ಕೇಡ್.

ಕ್ಯಾಸ್ಕೇಡ್ 1972ರಲ್ಲಿ ಬೆಳೆಗಾರರ ಕೈಗೆ ಬಂದ ತಳಿ. ಅಮೆರಿಕದ ಕೃಷಿ ಇಲಾಖೆ ಆರೆಗಾನ್‌ನಲ್ಲಿ ನಡೆಸಿದ ತಳಿ ಅಭಿವೃದ್ಧಿಯ ಫಲ. ಅಲ್ಲಿನ ಸಣ್ಣ ಬಿಯರ್ ತಯಾರಕರ ಚಳವಳಿಗೆ ರುಚಿ ಕೊಟ್ಟದ್ದೇ ಇದು. 1980ರಲ್ಲಿ ಶುರುವಾದ ಸಿಯೆರಾ ನೆವಾಡಾ ಪೇಲ್ ಏಲ್ ಎಂಬ ತಿಳಿ ಬಣ್ಣದ ಬಿಯರಿನ ಘಮ ಇದರದು. ಆ ಘಮವನ್ನು ಚಕ್ಕೋತದ ಸಿಪ್ಪೆ ಮತ್ತು ಹೂವು ಎಂದು ಹೇಳಬಹುದು. ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಮೂಗಿಗೆ ಬಡಿಯುವ ಆ ಹುಳಿ–ಕಹಿ ವಾಸನೆಯಲ್ಲಿ ಮಲ್ಲಿಗೆಯಷ್ಟು ಸಿಹಿಯಿಲ್ಲ, ಆದರೆ ಹೂವಿನ ಎಳೆ ಖಂಡಿತ ಇದೆ. ಕಹಿ ಮಿತವಾಗಿ ಬರುವುದರಿಂದ ಆರಂಭ, ನಡು, ಕೊನೆ ಮೂರೂ ಹಂತಗಳಲ್ಲಿ ಕೈಬಿಚ್ಚಿ ಹಾಕಬಹುದು. 20 ಲೀಟರಿಗೆ ಒಂದು ಗಂಟೆಯ ಕುದಿಗೆ 35 ಗ್ರಾಂ, ಕೊನೆಯ ಹದಿನೈದು ನಿಮಿಷಕ್ಕೆ 25, ಕೊನೆಯ ಐದು ನಿಮಿಷಕ್ಕೆ 30 ಗ್ರಾಂ ಹಾಕಿದರೆ ಶೇ 5.5ರ ಲೆಕ್ಕದಲ್ಲಿ 34 ಐಬಿಯು. ಪೇಲ್ ಏಲ್‌ಗೆ ಹೇಳಿ ಮಾಡಿಸಿದ ಕಹಿ. ಹುದುಗುವಿಕೆ ಮುಗಿಯುತ್ತ ಬಂದಾಗ ಮತ್ತೆ 60 ಗ್ರಾಂ ತಣ್ಣಗೆ ಹಾಕಿ ಮೂರು ನಾಲ್ಕು ದಿನ ಬಿಡಬೇಕು. ಒಟ್ಟು 150 ಗ್ರಾಂ.

ಈಗ ಎಲ್ಲರ ಬಾಯಲ್ಲಿರುವುದು ಸಿಟ್ರಾ. ನವಲೂರಿನ ಪೇರಲ, ಮಾವು, ನಿಂಬೆ ಎಲ್ಲವನ್ನೂ ಒಟ್ಟಿಗೆ ಜಜ್ಜಿದಂಥ ಉದಾರ ಪರಿಮಳ. ಆಲ್ಫಾ ಶೇ 11ರಿಂದ 14. ಇದನ್ನು ಬಳಸುವುದು ತಪ್ಪಲ್ಲ, ಆದರೆ ಹಂಚಿಕೆಯನ್ನು ತಿರುವುಮುರುವು ಮಾಡಬೇಕು. ಆರಂಭದಲ್ಲಿ 10 ಗ್ರಾಂ ಸಾಕು. ಹದಿನೈದು ನಿಮಿಷಕ್ಕೆ 15, ಐದು ನಿಮಿಷಕ್ಕೆ 30 ಗ್ರಾಂ ಹಾಕಿದರೆ 32–33 ಐಬಿಯು ಬಂದುಬಿಡುತ್ತದೆ. ಗಮನಿಸಿ, ಕಹಿಯ ಬಹುಪಾಲು ಇಲ್ಲಿ ಕೊನೆಯ ಹದಿನೈದು ನಿಮಿಷದಿಂದಲೇ ಬಂದಿದೆ. ಇನ್ನೂ ಹೆಚ್ಚು ಘಮ ಬೇಕೆಂದರೆ ಒಲೆ ಆರಿಸಿ, ವರ್ಟ್ 75–80 ಡಿಗ್ರಿಗೆ ಇಳಿದ ಮೇಲೆ ಹಾಪ್ ಹಾಕಿ ಇಪ್ಪತ್ತು ನಿಮಿಷ ಮುಚ್ಚಿಡುತ್ತಾರೆ. ಆ ಬಿಸಿಯಲ್ಲಿ ಆಲ್ಫಾ ಆಮ್ಲ ಬದಲಾಗುವುದು ನಿಧಾನ, ತೈಲ ಮಾತ್ರ ಇಳಿಯುತ್ತದೆ.

ಸಿಟ್ರಾದ ಬಗ್ಗೆ ನನ್ನ ಆಕ್ಷೇಪ ಬೇರೆಯದು. ಅದು ಎಷ್ಟು ಗಟ್ಟಿ ಗಂಟಲಿನದೆಂದರೆ ಮಾಲ್ಟ್ ಹೇಗಿತ್ತು, ಯೀಸ್ಟ್ ಏನು ಮಾಡಿತು ಎಂಬುದು ತಿಳಿಯುವುದೇ ಇಲ್ಲ. ಕಲಿಯುವವನಿಗೆ ಇದು ನಷ್ಟ.

ಮೊಸಾಯಿಕ್ 2012ರದು, ಸಿಮ್ಕೋ ಎಂಬ ತಳಿಯ ಮಗಳು. ಒಂದೇ ಹಾಪ್‌ನಲ್ಲಿ ಹಲವು ಪದರ ಬೇಕೆನ್ನುವವರಿಗೆ ಇದಕ್ಕಿಂತ ಸ್ವಾರಸ್ಯವಾದದ್ದು ಕಡಿಮೆ. ಮಾವು, ನೇರಳೆಯ ಜಾತಿಯ ಹಣ್ಣು, ಮಣ್ಣು, ಮರದ ರಾಳ, ಹೀಗೆ ಒಂದರ ಹಿಂದೆ ಒಂದು ಬರುತ್ತವೆ. ಆದರೆ ಇಂಥ ಕೆಲವು ತಳಿಗಳಲ್ಲಿ ಕೊಯ್ಲು ತಡವಾದರೆ ಉಳ್ಳಾಗಡ್ಡಿ–ಬೆಳ್ಳುಳ್ಳಿಯ ವಾಸನೆ ಇಣುಕುತ್ತದೆ. ಬೇರೆ ಹಾಪ್‌ಗಳ ಜೊತೆ ಬೆರೆತಾಗ ಮುಚ್ಚಿಹೋಗುವ ಈ ಕೊರತೆ ಒಬ್ಬಂಟಿಯಾದಾಗ ಎದ್ದು ಕಾಣುತ್ತದೆ.

ವಿಚಿತ್ರ ಬೇಕೆನ್ನುವವರಿಗೆ ಸೊರಾಚಿ ಏಸ್ ಇದೆ. ಜಪಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರಾದ ತಳಿ. ನಿಂಬೆಹುಲ್ಲು, ಅದರ ಹಿಂದೆ ಸಬ್ಬಸಿಗೆ ಸೊಪ್ಪು! ಸಬ್ಬಸಿಗೆಯ ಪಲ್ಯ ಇಷ್ಟವಾದವರಿಗೂ ಬಿಯರಿನಲ್ಲಿ ಅದು ಇಷ್ಟವಾಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ನ್ಯೂಜಿಲೆಂಡಿನ ನೆಲ್ಸನ್ ಸೋವಿನ್ ಬಿಳಿ ದ್ರಾಕ್ಷಾರಸ ಮತ್ತು ಬೆಟ್ಟದ ನೆಲ್ಲಿಯಲ್ಲದ ಯುರೋಪಿನ ಹುಳಿ ನೆಲ್ಲಿಯನ್ನು ನೆನಪಿಸುತ್ತದೆ. ಬೆಲೆ ಕೇಳಿದಾಗ ದ್ರಾಕ್ಷಾರಸವನ್ನೇ ಕೊಳ್ಳಬಹುದಿತ್ತು ಎನಿಸುತ್ತದೆ. ಇಂಗ್ಲೆಂಡಿನ ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಮೃದು: ಜೇನು, ಮಣ್ಣು, ಸ್ವಲ್ಪ ಮಸಾಲೆ. ಆಲ್ಫಾ ಶೇ 4ರಿಂದ 6. ಹಣ್ಣಿನ ಅಬ್ಬರ ಬೇಡದ ಹಿರಿಯರಿಗೆ ಇದು ಹಿಡಿಸೀತು.

ಮ್ಯಾಗ್ನಮ್ ಒಂದನ್ನೇ ಹಾಕಿ ಮಾಡಬಹುದೇ? ಮಾಡಬಹುದು. ಕಹಿ ಶುದ್ಧವಾಗಿ ಬರುತ್ತದೆ. ಘಮದ ಮಾತು ಬಿಡಿ.

ಕ್ಯಾಸ್ಕೇಡ್ ಸಿಗದಿದ್ದರೆ ಸೆಂಟೆನಿಯಲ್ ಅಥವಾ ಅಮರಿಲ್ಲೊ ನೋಡಬಹುದು. ಎರಡೂ ಶೇ 8ರಿಂದ 11ರ ಆಸುಪಾಸಿನವು. ಸೆಂಟೆನಿಯಲ್ ನಿಂಬೆ ಮತ್ತು ಹೂವಿನ ಕಡೆಗೆ, ಅಮರಿಲ್ಲೊ ಕಿತ್ತಳೆಯ ಕಡೆಗೆ ವಾಲುತ್ತದೆ.

ಹೆಸರು ಒಂದೇ, ಹೂವು ಒಂದೇ ಅಲ್ಲ

ಹಾಪ್ ಕೃಷಿ ಉತ್ಪನ್ನ. ಈ ವರ್ಷದ ಕ್ಯಾಸ್ಕೇಡ್‌ನಲ್ಲಿ ಆಲ್ಫಾ ಶೇ 5 ಇದ್ದರೆ ಮುಂದಿನ ವರ್ಷ 7 ಇರಬಹುದು. ಆದ್ದರಿಂದ ಲೆಕ್ಕಕ್ಕೆ ಪುಸ್ತಕದ ಅಂಕಿಯಲ್ಲ, ಕೈಯಲ್ಲಿರುವ ಪೊಟ್ಟಣದ ಅಂಕಿಯನ್ನೇ ಹಿಡಿಯಬೇಕು. ಕೊಯ್ಲಿನ ವರ್ಷವನ್ನೂ ನೋಡಬೇಕು. ಉತ್ತರಾರ್ಧಗೋಳದಲ್ಲಿ ಕೊಯ್ಲು ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರಿನಲ್ಲಿ. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಲ್ಲಿ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ.

ಶಾಖ, ಗಾಳಿ, ಬೆಳಕು ಮೂರೂ ಹಾಪ್‌ನ ವೈರಿಗಳು. ಬ್ಯಾಡಗಿಯ ಸುತ್ತ ಅಷ್ಟೊಂದು ಶೀತಲಗೃಹಗಳು ಏಕಿವೆ ಎಂದು ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಸ್ಕೇಡ್‌ನ ದೊಡ್ಡ ದೌರ್ಬಲ್ಯ ಇರುವುದು ಇಲ್ಲಿ. 20 ಡಿಗ್ರಿಯಲ್ಲಿ ಆರು ತಿಂಗಳಿಟ್ಟರೆ ಅದರ ಆಲ್ಫಾದಲ್ಲಿ ಉಳಿಯುವುದು ಸುಮಾರು ಅರ್ಧ. ಮ್ಯಾಗ್ನಮ್‌ನಲ್ಲಿ ಶೇ 80ರ ಮೇಲೆ ಉಳಿಯುತ್ತದೆ. ಇದು 20 ಡಿಗ್ರಿಯ ಲೆಕ್ಕ. ಹುಬ್ಬಳ್ಳಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ 37–38 ಡಿಗ್ರಿ ಇರುವಾಗ ಕೊರಿಯರ್ ಕಚೇರಿಯ ತಗಡಿನ ಛಾವಣಿಯ ಕೆಳಗೆ ಎರಡು ದಿನ ಕುಳಿತ ಪೊಟ್ಟಣದ ಗತಿಯನ್ನು ಊಹಿಸಿಕೊಳ್ಳಿ. ಹಳಸಿದ ಹಾಪ್ ಹಳೆಯ ಚೀಸ್‌ನ ಹಾಗೆ, ಬೆವರಿದ ಕಾಲುಚೀಲದ ಹಾಗೆ ನಾರುತ್ತದೆ. ಐಸೋವ್ಯಾಲರಿಕ್ ಆಮ್ಲದ ಕೆಲಸ ಅದು. ಬಣ್ಣ ಹಸಿರಿನಿಂದ ಕಂದಿಗೆ ತಿರುಗಿರುತ್ತದೆ.

ಕೊಳ್ಳುವಾಗ ಗಾಳಿ ತೆಗೆದು ಸೀಲ್ ಮಾಡಿದ, ಬೆಳ್ಳಿ ಹಾಳೆಯ ಪೊಟ್ಟಣವೇ ಇರಲಿ. ಪುಡಿ ಮಾಡಿ ಒತ್ತಿದ ಗುಳಿಗೆ ರೂಪ ಇಡೀ ಹೂವಿಗಿಂತ ಹೆಚ್ಚು ಬಾಳುತ್ತದೆ, ಜಾಗವೂ ಕಡಿಮೆ. ಒಡೆದ ಪೊಟ್ಟಣದ ಗಾಳಿ ಒತ್ತಿ ತೆಗೆದು, ಬಾಯಿ ಬಿಗಿದು, ಫ್ರಿಜ್‌ನ ಮೇಲಿನ ಅರೆಯಲ್ಲಿ ಮಂಜುಗಡ್ಡೆಯ ಪಕ್ಕದಲ್ಲಿಡಬೇಕು. ಮಳೆಗಾಲದ ಧಾರವಾಡದಲ್ಲಿ ಗುಳಿಗೆಗಳು ತೇವ ಹೀರಿ ಮೆತ್ತಗಾಗಲು ಒಂದು ಸಂಜೆ ಸಾಕು.

ಹಾಪ್ ಮಾತಾಡಲು ಮೌನ ಬೇಕು

ಒಂದೇ ಹಾಪ್ ಹಾಕಿ ಐದು ಬಗೆಯ ಮಾಲ್ಟ್ ಬೆರೆಸಿದರೆ ಶ್ರಮ ವ್ಯರ್ಥ. ಹುರಿದ ಮಾಲ್ಟಿನ ಕಾಫಿ ವಾಸನೆಯಾಗಲಿ, ಕ್ಯಾರಮೆಲ್ ಮಾಲ್ಟಿನ ಸಿಹಿಯಾಗಲಿ ಹಾಪ್‌ನ ಮೇಲೆ ಕಂಬಳಿ ಹೊದಿಸುತ್ತವೆ. ಒಂದು ಮಾಲ್ಟ್, ಒಂದು ಹಾಪ್ ಎಂಬ ಕಟ್ಟುಪಾಡಿನ ಬಿಯರಿಗೆ ಅಲ್ಲಿನವರು ಸ್ಮ್ಯಾಶ್ ಎಂದು ಹೆಸರಿಟ್ಟಿದ್ದಾರೆ. ತಿಳಿ ಬಣ್ಣದ ಪೇಲ್ ಮಾಲ್ಟ್, ಸ್ವಂತ ರುಚಿಯನ್ನು ಹೇರದ ಯೀಸ್ಟ್, ಇಷ್ಟೇ. ಯೀಸ್ಟ್ ಸುಮ್ಮನೆ ಕುಳಿತುಕೊಳ್ಳುವುದಿಲ್ಲ ಎಂಬುದೂ ನಿಜ. ಹಾಪ್‌ನ ಜೆರಾನಿಯಾಲ್‌ನ ಒಂದು ಭಾಗವನ್ನು ಅದು ಸಿಟ್ರೊನೆಲ್ಲೋಲ್ ಆಗಿ ಪರಿವರ್ತಿಸುತ್ತದೆ, ಗುಲಾಬಿಯ ಘಮ ನಿಂಬೆಯ ಕಡೆಗೆ ಸರಿಯುತ್ತದೆ. ಪೊಟ್ಟಣ ಮೂಸಿದಾಗ ಕಂಡದ್ದೇ ಲೋಟದಲ್ಲಿಯೂ ಕಾಣದಿರುವುದಕ್ಕೆ ಇದೂ ಒಂದು ಕಾರಣ.

ನೀರಿನ ವಿಷಯವನ್ನು ಹಲವರು ಕಡೆಗಣಿಸುತ್ತಾರೆ. ಇಂಗ್ಲೆಂಡಿನ ಬರ್ಟನ್ ಊರಿನ ನೀರಿನಲ್ಲಿ ಜಿಪ್ಸಮ್ (ಕ್ಯಾಲ್ಸಿಯಂ ಸಲ್ಫೇಟ್) ಹೇರಳ, ಅಲ್ಲಿನ ಪೇಲ್ ಏಲ್ ಚುರುಕಾದ, ಒಣ ಕಹಿಗೆ ಹೆಸರಾಯಿತು. ಪಿಲ್ಸೆನ್‌ನ ನೀರು ಮೃದು, ಸಾಝ್‌ನ ಕಹಿ ಅಲ್ಲಿ ನಯವಾಯಿತು. ಸಲ್ಫೇಟ್ ಕಹಿಯನ್ನು ಚೂಪು ಮಾಡುತ್ತದೆ, ಕ್ಲೋರೈಡ್ ಮಾಲ್ಟಿನ ತುಂಬುತನವನ್ನು ಮುಂದೆ ತರುತ್ತದೆ. ಕ್ಷಾರ ಹೆಚ್ಚಿರುವ ನೀರಿನಲ್ಲಿ ಹಾಪ್‌ನ ಕಹಿ ಒರಟಾಗುತ್ತದೆ. ನಮ್ಮ ಕಡೆಯ ಪರೀಕ್ಷೆಗೂ ಇದು ಅನ್ವಯ. ಹುಬ್ಬಳ್ಳಿ–ಧಾರವಾಡಕ್ಕೆ ಬರುವ ಮಲಪ್ರಭೆಯ ನೀರು ಒಂದು ಬಗೆ, ಗದಗ ಜಿಲ್ಲೆಯ ಕೊಳವೆಬಾವಿಯ ಗಡಸು ನೀರು ಇನ್ನೊಂದು. ಮುಂಡರಗಿಯ ಕಡೆ ಫ್ಲೋರೈಡಿನ ಕಾಟ ಬೇರೆ. ಅಲ್ಲಿಯವರು ಶುದ್ಧೀಕರಿಸಿದ ಕುಡಿಯುವ ನೀರನ್ನೇ ಬಳಸಬೇಕು.

ಊರಲ್ಲೇ ಕುಳಿತು ಮೂಸಿ ನೋಡುವುದು

ಈಗ ಮದ್ಯವಿಲ್ಲದ ಆ ಪರೀಕ್ಷೆ. ಮೂರು ಜಾತಿಯ ಹಾಪ್ ಗುಳಿಗೆಗಳನ್ನು ತಲಾ ಒಂದು ಗ್ರಾಂ ತೂಗಿ ಮೂರು ಲೋಟಗಳಿಗೆ ಹಾಕಿ. 75 ಡಿಗ್ರಿಯ ಆಸುಪಾಸಿನ ಬಿಸಿನೀರು 200 ಮಿಲಿಲೀಟರ್ ಸುರಿದು ತಟ್ಟೆ ಮುಚ್ಚಿ. ತಟ್ಟೆ ಮುಚ್ಚದಿದ್ದರೆ ಮೂಸಬೇಕಾದದ್ದು ಹಬೆಯೊಂದಿಗೆ ಹೊರಟುಹೋಗುತ್ತದೆ. ಐದು ನಿಮಿಷದ ಮೇಲೆ ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಆರಲು ಬಿಡಿ. ಮೊದಲು ಮೂಸಿ, ಅನಂತರ ಒಂದು ಗುಟುಕು ಕುಡಿಯಿರಿ. ಕಹಿ ಹೆಚ್ಚಿರುವುದಿಲ್ಲ, ಏಕೆಂದರೆ ಕುದಿ ಇಲ್ಲ. ತಳಿಯ ಮುಖ್ಯ ಗುಣ ಮಾತ್ರ ಸಿಗುತ್ತದೆ: ಹಣ್ಣೋ, ಹೂವೋ, ರಾಳವೋ, ಹುಲ್ಲೋ. ಲೋಟದ ತಳಕ್ಕೆ ಹೆಸರಿನ ಚೀಟಿ ಅಂಟಿಸಿ, ಜಾಗ ಬದಲಿಸಿ, ಬೇರೆಯವರ ಕೈಯಲ್ಲಿ ಕೊಡಿಸಿಕೊಂಡರೆ ಇನ್ನೂ ಒಳ್ಳೆಯದು. ಹೆಸರು ತಿಳಿದಿದ್ದರೆ ಮೂಗು ಸುಳ್ಳು ಹೇಳುತ್ತದೆ.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬೇಕೆಂದರೆ ಆಲ್ಕೋಹಾಲ್ ಇಲ್ಲದ ಬಿಯರ್ ಈಗ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಮುಚ್ಚಳವಿರುವ ಗಾಜಿನ ಭರಣಿಗೆ ನಿಧಾನವಾಗಿ ಬಗ್ಗಿಸಿ, ನೊರೆ ಇಳಿದ ಮೇಲೆ ಲೀಟರಿಗೆ ಮೂರು ನಾಲ್ಕು ಗ್ರಾಂ ಲೆಕ್ಕದಲ್ಲಿ ಗುಳಿಗೆ ಹಾಕಿ ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ಗುಳಿಗೆಗಳನ್ನು ನೇರ ಬಾಟಲಿಗೆ ಹಾಕಬೇಡಿ, ನೊರೆ ಉಕ್ಕಿ ಅಡುಗೆಮನೆಯ ಕಟ್ಟೆಯೆಲ್ಲ ತೊಯ್ಯುತ್ತದೆ. ಬೆಳಿಗ್ಗೆ ಸೋಸಿ ನೋಡಿದರೆ ಗುಳ್ಳೆ ಕಡಿಮೆಯಾಗಿರುತ್ತದೆ, ಆದರೆ ಮಾಲ್ಟಿನ ಹಿನ್ನೆಲೆಯಲ್ಲಿ ಆ ಹಾಪ್ ಹೇಗೆ ನಿಲ್ಲುತ್ತದೆ ಎಂಬುದು ಬಿಸಿನೀರಿನ ಪರೀಕ್ಷೆಗಿಂತ ಸ್ಪಷ್ಟವಾಗಿ ತಿಳಿಯುತ್ತದೆ. ಮಿಕ್ಕ ಹಾಪ್ ಕಷಾಯಕ್ಕೆ ಸೋಡಾ ಬೆರೆಸಿ ಅರ್ಧ ನಿಂಬೆಹಣ್ಣು ಹಿಂಡಿದರೆ ಏಪ್ರಿಲ್ ಬಿಸಿಲಿಗೆ ಒಳ್ಳೆಯ ಪಾನೀಯ. ಮನೆಯಲ್ಲಿ ನಾಯಿ ಇದ್ದರೆ ಸೋಸಿದ ಚರಟವನ್ನು ಅದಕ್ಕೆ ಎಟುಕದಂತೆ ಎಸೆಯಿರಿ. ಹಾಪ್ ತಿಂದ ನಾಯಿಯ ಮೈಬಿಸಿ ವಿಪರೀತ ಏರಿ ಪ್ರಾಣಕ್ಕೇ ಅಪಾಯವಾಗಬಹುದು.

ಅಳಿಯ ಕೊನೆಗೆ ಕೇಳಿದ್ದು ಎರಡನೆಯ ಪಾತ್ರೆಯ ಬಗ್ಗೆ. ಮಾಲ್ಟ್, ಯೀಸ್ಟ್, ನೀರು, ಹುದುಗಿಸುವ ಬಿಸಿ ಯಾವುದನ್ನೂ ಮುಟ್ಟದೆ ಹಾಪ್ ಒಂದನ್ನೇ ಬದಲಿಸಬೇಕು. ಬದಲಿಸುವಾಗ ಗ್ರಾಂ ಹಾಗೆಯೇ ಇಡಬಾರದು, ಐಬಿಯು ಹಾಗೆಯೇ ಇಡಬೇಕು. ಆರಂಭದ ಹಾಪ್ ಅನ್ನು ಏರಿಳಿಸಿ ಒಟ್ಟು ಕಹಿಯನ್ನು 34ರ ಹತ್ತಿರಕ್ಕೆ ತಂದು, ತಣ್ಣಗೆ ಹಾಕುವ 60 ಗ್ರಾಂ ಮಾತ್ರ ಎರಡಕ್ಕೂ ಸಮವಾಗಿ ಬಿಡಬೇಕು. ಬಾಟಲಿ ಕಂದು ಬಣ್ಣದ್ದಿರಲಿ. ಹಸಿರು ಅಥವಾ ತಿಳಿ ಗಾಜಿನೊಳಗೆ ಬೆಳಕು ಬಿದ್ದರೆ ಐಸೋ ಆಲ್ಫಾ ಆಮ್ಲ ಒಡೆದು ದುರ್ವಾಸನೆಯ ಗಂಧಕದ ಸಂಯುಕ್ತವಾಗುತ್ತದೆ, ಹೋಲಿಕೆ ಅಲ್ಲಿಗೆ ಮುಗಿಯಿತು. ಹಾಪ್‌ನ ಪರಿಮಳ ವಾರದಿಂದ ವಾರಕ್ಕೆ ಇಳಿಯುವುದರಿಂದ ಮೊದಲ ಪಾತ್ರೆಯ ಹಳೆಯ ಬಾಟಲಿಯನ್ನು ಎರಡನೆಯದರ ಹೊಸ ಬಾಟಲಿಯ ಪಕ್ಕದಲ್ಲಿಟ್ಟು ತೀರ್ಪು ಕೊಡುವುದು ನ್ಯಾಯವಲ್ಲ. ಸಾಧ್ಯವಾದರೆ 20 ಲೀಟರಿನ ಒಂದು ಪಾತ್ರೆಯ ಬದಲು ಹತ್ತತ್ತು ಲೀಟರಿನ ಎರಡು ಪಾತ್ರೆಗಳನ್ನು ಒಂದೇ ದಿನ ಒಲೆಗೇರಿಸಿ, ಒಂದಕ್ಕೆ ಕ್ಯಾಸ್ಕೇಡ್, ಇನ್ನೊಂದಕ್ಕೆ ಸಿಟ್ರಾ ಹಾಕಲು ಹೇಳಿದ್ದೇನೆ. ಪಾತ್ರೆ ಎರವಲು ಕೊಡಲು ಗ್ಯಾರೇಜಿನ ನೆರೆಯವರು ಒಪ್ಪಿದ್ದಾರಂತೆ.